ಎರಡು ಸನಿಕೆ ಆಳ

ಆ ಮನೆಯಲ್ಲಿ ಮಾವ ಸೊಸೆ ಮಾತು ಬಿಟ್ಟಿದ್ದು ಒಂದು ಪೊಟ್ಟಣ ಬೂಷ್ಟಿನ ದೆಸೆಯಿಂದ.

ಬೂಷ್ಟು ಎಂದರೆ ತಂಗಳು ರೊಟ್ಟಿಯ ಮೇಲೆ ಏಳುವಂಥದ್ದಲ್ಲ. ಕಂದು ಬಣ್ಣದ ಪುಡಿ. ನೀರಿಗೆ ಕಲಸಿ ಮಣ್ಣಿಗೆ ಹೊಡೆಯಬೇಕು. ಆಗಸ್ಟ್ ತಿಂಗಳ ಒಂದು ಸಂಜೆ ಹಿಲ್ಡ ಅದನ್ನು ತಂದು ಅಡುಗೆಮನೆಯ ಮೇಜಿನ ಮೇಲೆ, ಬೆಣ್ಣೆ ಬಟ್ಟಲಿನ ಪಕ್ಕದಲ್ಲಿಟ್ಟಳು. ಮಾವ ಕಮೀಲ ಕನ್ನಡಕ ಏರಿಸಿಕೊಂಡು ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಬೂಷ್ಟು ಓಡಿಸೋಕೆ ಬೂಷ್ಟು ತಂದಿದಾಳೆ,” ಎಂದ ಮಗ ಯೋರಿಸನ ಕಡೆ ತಿರುಗಿ. “ನಾಳೆ ಇಲಿ ಹಿಡಿಯೋಕೆ ಇಲಿ ಸಾಕ್ತಾಳೆ, ನೋಡ್ತಿರು.”

“ಮುಳ್ಳನ್ನ ಮುಳ್ಳಿಂದಾನೇ ತೆಗೀಬೇಕು ಮಾವ,” ಎಂದಳು ಹಿಲ್ಡ. “ಈ ಬೂಷ್ಟು ಗಡ್ಡೆ ಮುಟ್ಟಲ್ಲ. ಮಣ್ಣಲ್ಲಿರೋ ಕರಿಕಾಳು ಇದ್ಯಲ್ಲ, ಅದನ್ನ ತಿನ್ನುತ್ತೆ. ಮೂರು ತಿಂಗಳು ಅದರ ಪಾಡಿಗೆ ಅದನ್ನ ಬಿಟ್ರೆ ಸಾಕು.”

ಕರಿಕಾಳು ಎಂಬ ಮಾತು ಬಂದರೆ ಆ ಮನೆಯಲ್ಲಿ ಎಲ್ಲರ ಮುಖವೂ ಸಪ್ಪಗಾಗುತ್ತಿತ್ತು. ಮನೆಯ ಹಿಂದೆ, ಬಾಯ್ಲರ್ ಕೋಣೆಗೆ ತಾಗಿದಂತೆ ಒಂದು ಉದ್ದನೆಯ ಮಡಿ. ಪ್ರತಿ ನವೆಂಬರಿನಲ್ಲಿ ಕಾಲುವೆಯಾಚೆಯ ಹೊಲದಿಂದ ಚಿಕೋರಿ ಗಡ್ಡೆಗಳನ್ನು ಕಿತ್ತು ತಂದು, ಎಲೆ ಕತ್ತರಿಸಿ, ಈ ಮಡಿಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ಮೇಲೆ ಮಣ್ಣು, ಒಣಹುಲ್ಲು, ತಗಡು ಮುಚ್ಚುತ್ತಿದ್ದರು. ಬಿಸಿನೀರಿನ ಕೊಳವೆಯ ಕಾವಿಗೆ, ಆ ಕತ್ತಲಲ್ಲೇ, ಗಡ್ಡೆಯ ನೆತ್ತಿಯಿಂದ ಗಟ್ಟಿಯಾದ ಬಿಳಿ ಮೊಗ್ಗು ಏಳುತ್ತಿತ್ತು. ಬಿಳಿಸೊಪ್ಪು ಎಂದರೆ ಅದೇ. ನೀರಿನ ತಟ್ಟೆಯಲ್ಲಿ ಬೆಳೆದ ಸಪ್ಪೆ ಸೊಪ್ಪು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಬ್ರಸೆಲ್ಸಿನ ನಾಲ್ಕಾರು ಹೋಟೆಲಿನವರು ಮಾತ್ರ ಮಣ್ಣಿನದೇ ಬೇಕು ಎಂದು ಹಟ ಹಿಡಿದು ಇಲ್ಲಿಗೇ ಬರುತ್ತಿದ್ದರು. ಆದರೆ ಕಳೆದ ಎರಡು ಚಳಿಗಾಲ ತಗಡು ಎತ್ತಿದರೆ ಹತ್ತಿ ಹಿಂಜಿ ಹಾಸಿದಂಥ ಬೂಷ್ಟು, ಮೂಗು ಬಿಡಲಾಗದ ವಾಸನೆ, ಕೊಳೆತ ಗಡ್ಡೆಯ ಮೈತುಂಬ ಇಲಿಹಿಕ್ಕೆಯಂಥ ಕರಿಕಾಳು. ಆ ಕಾಳು ಮಣ್ಣಿಗೆ ಬಿದ್ದರೆ ವರ್ಷಗಟ್ಟಲೆ ಸಾಯದೆ ಕಾದಿರುತ್ತದೆ. ಮುಂಚೆ ಗಡ್ಡೆಗಳನ್ನು ಅದ್ದುತ್ತಿದ್ದ ಔಷಧಿಯನ್ನು ಸರ್ಕಾರ ನಿಲ್ಲಿಸಿಬಿಟ್ಟಿತ್ತು.

“ನಲವತ್ತು ವರ್ಷ ಔಷಧೀಲಿ ಅದ್ದಿ ಕೂರಿಸಿದ್ವಿ,” ಎಂದ ಕಮೀಲ, ಪೊಟ್ಟಣವನ್ನು ಮೇಜಿನ ಅಂಚಿಗೆ ತಳ್ಳಿ. “ಒಂದು ಗಡ್ಡೆ ಕೊಳೀಲಿಲ್ಲ.”

“ಗಡ್ಡೆ ಕೊಳೀಲಿಲ್ಲ ಮಾವ. ಬರಿಗೈಲಿ ಅದ್ದಿ ಅದ್ದಿ ಅತ್ತೆ ಹೋದ್ರು.”

ಅತ್ತೆ ಇರ್ಮಾ ಹೋಗಿದ್ದು ರಕ್ತದ ಕ್ಯಾನ್ಸರಿನಿಂದ. ಔಷಧಿಯಿಂದಲೇ ಬಂತು ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ. ಮನೆಯಲ್ಲಿ ಎಲ್ಲರ ಮನಸ್ಸಿನಲ್ಲೂ ಇದ್ದ ಮಾತು, ಐದು ವರ್ಷದಿಂದ ಯಾರ ಬಾಯಿಂದಲೂ ಬಂದಿರಲಿಲ್ಲ, ಅಷ್ಟೆ. ಕಮೀಲ ರೊಟ್ಟಿ ಚೂರುಗಳನ್ನು ಅಂಗೈಯಿಂದ ಒಟ್ಟುಮಾಡಿ ತಟ್ಟೆಗೆ ಹಾಕಿದ, ಚಾಕು ಒರೆಸಿಟ್ಟ, ಎದ್ದು ಹೊರಟುಹೋದ. ಹಿಲ್ಡಳಿಗೆ ಆಡಿದ ಮರುಕ್ಷಣವೇ ಪಶ್ಚಾತ್ತಾಪವಾಯಿತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಾರನೆಯ ದಿನದಿಂದ ಮಾತು ಬಂದ್. ಒಂದೇ ಮೇಜಿನ ಎದುರುಬದುರು ಕೂತು, ಮಾತನ್ನು ಮಾತ್ರ ಮೂರನೆಯವರ ತಲೆಯ ಮೇಲಿಂದ ಹಾಯಿಸುವ ವಿದ್ಯೆ ಶುರುವಾಯಿತು.

“ನೇಲೆ, ನಿಮ್ಮಜ್ಜನಿಗೆ ಹೇಳು, ಕೆಸರು ಬೂಟು ಹೊರಗೆ ಬಿಡ್ಬೇಕಂತೆ.”

“ನೇಲೆ, ನಿಮ್ಮಮ್ಮನಿಗೆ ಹೇಳು, ಈ ನೆಲ ಹಾಕ್ಸಿದ್ದು ನಾನು.”

“ನಾನೇನು ಅಂಚೆಯವಳಾ?” ಎಂದು ನೇಲೆ ಸ್ಕೂಲ್ ಬ್ಯಾಗು ಎತ್ತಿಕೊಂಡು ನಡೆದಳು. ಹದಿನೇಳರ ಹುಡುಗಿ, ಅಂಜುವವಳಲ್ಲ. ಅವಳು ಕೈಬಿಟ್ಟ ಮೇಲೆ ಆ ಹೊರೆ ಅವಳ ಅಪ್ಪ ಯೋರಿಸನ ತಲೆಗೆ ಬಿತ್ತು.

ಯೋರಿಸ ಬಿಯರ್ ಕಾರ್ಖಾನೆಯ ಉಗ್ರಾಣದಲ್ಲಿ ಬೆಳಗಿನ ಪಾಳಿ ಮಾಡಿ ಮಧ್ಯಾಹ್ನ ಮನೆಗೆ ಬಂದು ಮಣ್ಣಿಗಿಳಿಯುವವನು. ಆನೆಯಂಥ ಆಳು. ಜಗಳ ಎಂದರೆ ಮಾತ್ರ ಚಿಕ್ಕಂದಿನಿಂದ ದೂರ ಸರಿಯುವವನು. ಹೆಂಡತಿ ಹೇಳಿದ್ದರಲ್ಲಿ ಖಾರ ತೆಗೆದು ಅಪ್ಪನಿಗೆ ಮುಟ್ಟಿಸುವನು, ಅಪ್ಪ ಹೇಳಿದ್ದರಲ್ಲಿ ಮುಳ್ಳು ತೆಗೆದು ಹೆಂಡತಿಗೆ ಮುಟ್ಟಿಸುವನು. ‘ಆ ಮುದುಕನಿಗೆ ಬುದ್ಧಿ ಯಾವಾಗ ಬರುತ್ತೋ’ ಎಂಬುದು ಅಂಗಳ ದಾಟುವಷ್ಟರಲ್ಲಿ ‘ಹಿಲ್ಡ ಕೇಳಿದ್ಲು, ಮಂಡಿನೋವು ಹೇಗಿದೆ ಅಂತ’ ಎಂದಾಗಿರುತ್ತಿತ್ತು. ಹೀಗೆ ಸೋಸಿ ಸೋಸಿ ಎಷ್ಟೋ ಮಾತು ಜರಡಿಯಲ್ಲೇ ಉಳಿದುಬಿಡುತ್ತಿದ್ದವು. ಮನೆ ಮಾತ್ರ ತಣ್ಣಗಿತ್ತು. ಅವನಿಗೆ ಬೇಕಾದದ್ದು ಅಷ್ಟೇ.

ಹಿಲ್ಡ ಯಾರ ಸಹಾಯವನ್ನೂ ಕೇಳದೆ ಮೋಡದ ಒಂದು ಸಂಜೆ ಪುಡಿ ಕಲಸಿ ಮಡಿಗೆ ಹೊಡೆದಳು, ಮೇಲುಮೇಲೆ ನಾಲ್ಕು ಬೆರಳಿನಷ್ಟು ಮಣ್ಣು ಕೆದಕಿ ಬೆರೆಸಿದಳು. ಕಮೀಲ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ.

“ಕೋಳಿ ಕೆದಕಿದ ಹಾಗೆ ಕೆದಕ್ತಿದಾಳೆ,” ಎಂದ.

ಆ ಸೀಮೆಯಲ್ಲಿ ಒಬ್ಬ ಗಂಡಸಿನ ಯೋಗ್ಯತೆಯನ್ನು ಅವನ ಮಡಿಯ ಆಳದಲ್ಲಿ ಅಳೆಯುತ್ತಾರೆ. ಗಡ್ಡೆ ಕೂರಿಸುವ ಮುಂಚೆ ಎರಡು ಸನಿಕೆ ಆಳ ಅಗೆದು, ಕೆಳಗಿನ ಮಣ್ಣು ಮೇಲೆ, ಮೇಲಿನದು ಕೆಳಗೆ. ಸೋಮಾರಿಗಳು ಒಂದು ಸನಿಕೆಗೆ ನಿಲ್ಲಿಸುತ್ತಾರೆ. ನಾಲ್ಕು ಬೆರಳು ಕೆದಕುವವರಿಗೆ ಹೆಸರೇ ಇಲ್ಲ.

“ಇರ್ಲಿ ಬಿಡು ಅಜ್ಜ, ಈ ಸಲ ಅಮ್ಮನ ದಾರಿ ನೋಡೋಣ,” ಎಂದಳು ನೇಲೆ, ಸೇಬು ಕಚ್ಚುತ್ತ.

“ನೋಡೋಣ ಅನ್ನೋಕೆ ಇದೇನು ಆಟಾನಾ? ಅಲ್ನೋಡು.” ಕಮೀಲ ಅಲಮಾರಿನ ಮೇಲಿದ್ದ ಬಿಸ್ಕತ್ತಿನ ತಗಡಿನ ಡಬ್ಬಿ ತೋರಿಸಿದ. “ಖಾಲಿ.”

ಅದು ಬೀಜದ ಡಬ್ಬಿ. ಕಮೀಲನ ತಾಯಿ ಲಿಯೋನಿ ತನ್ನ ಕೈಯಾರೆ ಆರಿಸಿ ಆರಿಸಿ ಕಟ್ಟಿದ ತಳಿ. ಊರಿನವರು ಅದನ್ನು ಲಿಯೋನಿ ಬೀಜ ಎಂದೇ ಕರೆಯುತ್ತಿದ್ದರು. ಮೊದಲು ಕಹಿ, ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಸಣ್ಣ ಸಿಹಿ. ಅದೇ ಅದರ ಗುರುತು. ಬೀಜಕ್ಕೆ ಬಿಡುವ ಗಡ್ಡೆಗಳನ್ನು ಮಡಿಯಿಂದಲೇ ಆರಿಸುವುದು; ಎರಡು ವರ್ಷ ಮಡಿ ಕೊಳೆತದ್ದರಿಂದ ಹೊಸ ಬೀಜ ಆಗಿರಲಿಲ್ಲ. ಮೇ ತಿಂಗಳಲ್ಲಿ ಡಬ್ಬಿಯ ತಳ ಕೆರೆದು ಬಿತ್ತಿದ್ದರು. ಈ ಚಳಿಗಾಲ ಮಡಿ ಕೈಹಿಡಿಯದಿದ್ದರೆ ಲಿಯೋನಿ ಬೀಜ ಅಲ್ಲಿಗೆ ಮುಗಿಯಿತು.

“ಒಂದು ಹತ್ತಾದ್ರೂ ಉಳಿಯುತ್ತೆ ಬಿಡು,” ಎಂದಳು ನೇಲೆ.

“ಹತ್ತು ಉಳಿದ್ರೆ ಸಾಕು. ಒಂದು ಉಳಿದ್ರೆ ಸಾಲದು. ಹತ್ತು ಹನ್ನೆರಡು ಗಿಡ ಒಟ್ಟಿಗೆ ಹೂ ಬಿಡ್ಬೇಕು. ನಿನ್ನ ಹಾಗೆ ಮೂತಿ ತಿರುವಿಕೊಂಡು ಒಂಟಿ ನಿಂತ ಗಿಡ ಬೀಜ ಕಟ್ಟಲ್ಲ.”

“ನಂದು ನನಗೆ ಗೊತ್ತು, ನೀನು ಗಡ್ಡೆ ನೋಡ್ಕೋ,” ಎಂದು ನಕ್ಕಳು ಮೊಮ್ಮಗಳು.

ಅಕ್ಟೋಬರಿನಲ್ಲಿ ಸಮುದ್ರದ ಕಡೆಯ ಓಸ್ತೆಂದೆಯಿಂದ ಫೋನು ಬಂತು. ಹಿಲ್ಡಳ ಅಕ್ಕ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡಿದ್ದಳು, ನೋಡಿಕೊಳ್ಳುವವರಿಲ್ಲ. ಹಿಲ್ಡ ಎರಡು ವಾರಕ್ಕೆ ಹೊರಟಳು. ಸೂಪು ಮಾಡಿ ಡಬ್ಬಿಗಳಿಗೆ ತುಂಬಿ, ಯಾವ ದಿನ ಯಾವುದೆಂದು ನೇಲೆಗೆ ಹೇಳಿ, ಯೋರಿಸನ ಜೊತೆ ಮೆಖೆಲೆನ್ ಸ್ಟೇಷನ್ನಿಗೆ ಬಂದಳು.

“ಒಂದು ಮಾತು,” ಎಂದಳು ಪ್ಲಾಟ್‌ಫಾರಮ್ಮಿನಲ್ಲಿ. “ಮಡಿಗೆ ಸನಿಕೆ ಇಳಿಸಕೂಡದು. ನನ್ನ ಬೂಷ್ಟು ಇರೋದು ಮೇಲಿನ ನಾಲ್ಕು ಬೆರಳಲ್ಲಿ ಮಾತ್ರ. ಕೆಳಗೆ ಹಳೇ ವರ್ಷಗಳ ಕರಿಕಾಳು ಹಾಗೇ ಮಲಗಿದೆ. ತಿರುವಿ ಹಾಕಿದ್ರೆ ಅದು ಮೇಲೆ ಬಂದು ಗಡ್ಡೆಗೆ ತಾಗುತ್ತೆ. ಪುಡಿ ಕೊಟ್ಟ ತೋಟಗಾರಿಕೆ ಕೇಂದ್ರದ ಹೆಂಗಸು ಮೂರು ಮೂರು ಸಲ ಹೇಳಿ ಕಳ್ಸಿದಾರೆ. ನಿಮ್ಮಪ್ಪನಿಗೆ ಹೇಳು.”

“ಹೇಳ್ತೀನಿ.”

“ನಿನ್ನ ‘ಹೇಳ್ತೀನಿ’ ನಂಗೊತ್ತು. ಬೆಣ್ಣೆ ಸವರಿ ಹೇಳ್ಬೇಡ. ಆ ಹಟಮಾರಿ ಮುದುಕ ಸನಿಕೆ ಮುಟ್ಟಿದ್ರೆ ನಾನು ವಾಪಸ್ ಬರಲ್ಲ ಅಂತ ಹೇಳು.”

“ಆಯ್ತು ಮಾರಾಯ್ತಿ, ರೈಲು ಬಂತು, ಹತ್ತು.”

ದಾರಿಯುದ್ದಕ್ಕೂ ಯೋರಿಸ ಆ ಮಾತಿನಿಂದ ಖಾರ ತೆಗೆಯುವುದು ಹೇಗೆಂದು ಯೋಚಿಸಿದ. ಅಗೆಯುವ ಸನಿಕೆಯನ್ನು ಅಪ್ಪನ ಕೈಯಿಂದ ಕಿತ್ತುಕೊಳ್ಳುವ ಮಾತಿಗೆ ಬೆಣ್ಣೆ ಎಲ್ಲಿಂದ ಸವರುವುದು? ಆ ದಿನ ಅಪ್ಪನಿಗೆ ತಲೆನೋವು, ಬೇಡ ಎನಿಸಿತು. ಮರುದಿನ ಇಸ್ಪೀಟಿನ ಗೆಳೆಯರು ಬಂದಿದ್ದರು. ಶನಿವಾರ ಹೇಳೋಣ, ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದ ಮೇಲೆ ಮನಸ್ಸು ಸಮಾಧಾನದಲ್ಲಿರುತ್ತದೆ, ಆಗ ಹೇಳೋಣ.

ಸೋಮವಾರ ಪಾಳಿ ಮುಗಿಸಿ ಬಂದರೆ ಅಪ್ಪ ಮಡಿಯಲ್ಲಿದ್ದ. ಅಂಗಿ ಬೆನ್ನಿಗಂಟಿತ್ತು. ಅರ್ಧ ಮಡಿ ಆಗಲೇ ತಿರುವಿ ಬಿದ್ದಿತ್ತು. ಅಡಿಯ ಕೆಂಚು ಮಣ್ಣು ಮೇಲೆ ಬಂದಿತ್ತು. ನೇಲೆ ಬಾಯ್ಲರ್ ಕೋಣೆಯ ಹೊಸ್ತಿಲಲ್ಲಿ ಕೂತು ಅಜ್ಜನಿಗೆ ಕಾಫಿ ಬಗ್ಗಿಸುತ್ತಿದ್ದಳು.

“ಬಾ, ಬಾ,” ಎಂದ ಕಮೀಲ. ಎಂಬತ್ತರ ಹತ್ತಿರದ ಮುಖ ಹುಡುಗನ ಮುಖದಂತೆ ಅರಳಿತ್ತು. “ಅವಳು ಬರೋಷ್ಟರಲ್ಲಿ ಮಡಿ ಸಿದ್ಧ ಇರ್ಬೇಕು. ನಾನೂ ಯೋಚನೆ ಮಾಡ್ದೆ ಕಣೋ. ಆ ಪುಡೀಲಿ ಏನೋ ಇರ್ಬೋದು. ಓದಿದೋಳು, ಸುಮ್ನೆ ತರ್ತಾಳಾ? ಆದ್ರೆ ಮೇಲುಮೇಲೆ ಕೆದಕಿದ್ರೆ ಅದು ಕೆಳಗಿಳಿಯೋದು ಹೇಗೆ? ಅದಕ್ಕೆ ಎರಡು ಸನಿಕೆ ತನಕ ನಾನೇ ಬೆರೆಸಿ ಕೊಡ್ತಿದೀನಿ.”

ಯೋರಿಸ ತಿರುವಿ ಬಿದ್ದ ಮಣ್ಣಿನತ್ತ ನೋಡಿದ. ನಿಲ್ಲಿಸಿ ಎನ್ನಬೇಕು. ಅರ್ಧವಾದರೂ ಉಳಿಯುತ್ತದೆ. ಅಪ್ಪ ಸನಿಕೆಯ ಹಿಡಿಯ ಮೇಲೆ ಗಲ್ಲ ಊರಿ ಏದುಸಿರು ಬಿಡುತ್ತ ಅವನ ಮುಖ ನೋಡುತ್ತಿದ್ದ, ಶಹಬಾಸ್ ಅನ್ನಲಿ ಎಂಬಂತೆ.

“ಅವಳಿಗೆ ನೀವಿಬ್ಬರೂ ಏನೂ ಹೇಳ್ಬೇಡಿ,” ಎಂದ ಕಮೀಲ. “ಬಂದು ತಾನೇ ನೋಡ್ಲಿ. ಆಮೇಲಾದ್ರೂ ಮಾತಾಡಿಸ್ತಾಳೇನೋ.”

“ಕಾಫಿ ಆರುತ್ತೆ, ಕುಡೀರಿ ಅಪ್ಪ,” ಎಂದ ಯೋರಿಸ.

ಆ ಸಂಜೆ ಹಿಲ್ಡಳ ಫೋನು. “ಹೇಳಿದ್ಯಾ?”

“ಹೇಳ್ದೆ.”

“ಏನಂದ್ರು?”

“ಸರಿ ಅಂದ್ರು.”

“ಇಷ್ಟು ಸುಲಭಕ್ಕೆ?” ಅತ್ತ ಕಡೆಯಿಂದ ಹಿಲ್ಡ ನಕ್ಕಳು. ಎಷ್ಟೋ ದಿನದ ಮೇಲೆ ಆ ನಗೆ ಕೇಳಿಸಿತ್ತು. “ನಾನೇ ಅವರನ್ನ ಕೆಟ್ಟದಾಗಿ ತಿಳ್ಕೊಂಡಿದ್ದೆ ಅನ್ಸುತ್ತೆ. ಅತ್ತೆ ವಿಷಯ ಎತ್ತಬಾರದಿತ್ತು ನಾನು.”

ಹಿಲ್ಡ ಓಸ್ತೆಂದೆಯಿಂದ ವಾಪಸಾಗುವಷ್ಟರಲ್ಲಿ ಮಳೆ ಮಡಿಯನ್ನು ಕೂರಿಸಿ ಕಪ್ಪಾಗಿಸಿತ್ತು. ಹಿಲ್ಡ ಕೊಡೆ ಹಿಡಿದು ಒಂದು ಸುತ್ತು ಬಂದಳು. ಮಣ್ಣು ಸ್ವಲ್ಪ ಉಬ್ಬಿದ ಹಾಗಿದೆಯಲ್ಲ ಎಂದಳು. ಅಪ್ಪ ಮೇಲುಮೇಲೆ ಕೆದಕಿ ಸಮ ಮಾಡಿದ್ರು ಎಂದ ಯೋರಿಸ. ಅವಳು ಒಳಗೆ ಬಂದು ಓಸ್ತೆಂದೆಯ ಸಣ್ಣ ಬೂದು ಸಿಗಡಿಯ ಪೊಟ್ಟಣ ಬಿಚ್ಚಿ, ಬಟ್ಟಲಿಗೆ ಸುರಿದು, ನೇರ ಮಾವನ ಮುಂದಿಟ್ಟಳು.

“ಮಾವ, ಸಿಗಡಿ. ನಿಮಗೆ ಇಷ್ಟ ಅಂತ.”

ಕಮೀಲ ತಲೆ ಎತ್ತಿದ. ಯಾರ ತಲೆಯ ಮೇಲಿಂದಲೂ ಹಾಯದೆ ಬಂದ ಮಾತು.

“ಮಡಿ ನೋಡಿದ್ಯಾ?” ಎಂದ.

“ನೋಡ್ದೆ. ತುಂಬಾ ಉಪಕಾರ ಆಯ್ತು.”

“ಉಪಕಾರ ಏನು ಬಂತು, ಮನೆ ಕೆಲಸ,” ಎಂದು ಮುದುಕ ಸಿಗಡಿಯ ತಲೆ ಚಿವುಟತೊಡಗಿದ. ಯೋರಿಸನಿಗೆ ಆ ದಿನದ ಊಟ ರುಚಿಸಿತು. ಅಷ್ಟರಮಟ್ಟಿಗೆ ಅವನು ದೊಡ್ಡ ಹೇಡಿ.

ಆಮೇಲಿನ ಕೆಲವು ವಾರ ಆ ಮನೆ ಹಬ್ಬದ ಮನೆಯಂತಿತ್ತು. ಭಾನುವಾರ ಬಿಯರಿನಲ್ಲಿ ಬೆಂದ ಮೊಲ, ಬುಧವಾರ ಅಜ್ಜನಿಗೆಂದೇ ಬಟಾಣಿ ಸೂಪು. ಸತ್ತವರ ಹಬ್ಬಕ್ಕೆ ಎಲ್ಲರೂ ಸೇವಂತಿಗೆ ಕುಂಡ ಹಿಡಿದು ಇರ್ಮಾಳ ಸಮಾಧಿಗೆ ಹೋದರು. ಹಿಲ್ಡ ಕಲ್ಲಿನ ಪಾಚಿ ಉಜ್ಜಿ ತೆಗೆದಳು. ಕಮೀಲ ಟೋಪಿ ತೆಗೆದು, “ಇರ್ಮಾ, ನಿನ್ನ ಸೊಸೆ ಈಗ ಮಾತಾಡಿಸ್ತಾಳೆ,” ಎಂದ, ಪಕ್ಕದ ಮನೆಯವಳಿಗೆ ಹೇಳಿದಷ್ಟು ಸಹಜವಾಗಿ. ಹಿಲ್ಡ ಕೈಯಲ್ಲಿದ್ದ ಬ್ರಷ್ಷು ಕೆಳಗಿಟ್ಟು ಅವನ ತೋಳು ಹಿಡಿದುಕೊಂಡಳು.

ಗಡ್ಡೆ ಕೂರಿಸುವ ದಿನ ಅವಳು ಇನ್ನೊಂದು ಮಾತೆತ್ತಿದಳು. ಗಡ್ಡೆಗಳು ಹೊಲದಲ್ಲಿ ಚೆನ್ನಾಗಿ ಬಂದಿದ್ದವು, ಮೈಮೇಲೆ ಒಂದು ಕಲೆಯಿಲ್ಲ.

“ಒಂದು ಇಪ್ಪತ್ತು ಗಡ್ಡೆ ಬೀಜಕ್ಕೆ ಅಂತ ಕಾಲುವೆ ಆಚೆ ಹೊಸ ಮಣ್ಣಲ್ಲೇ ಹೂತಿಡೋಣ್ವಾ? ಈ ಮಡಿ ಮೇಲೇ ಎಲ್ಲಾ ಭಾರ ಹಾಕೋದು ಬೇಡ.”

“ಮೊಗ್ಗು ನೋಡದೆ ಬೀಜಕ್ಕೆ ಆರಿಸೋದಾ?” ಕಮೀಲನಿಗೆ ನಿಜಕ್ಕೂ ಗಾಬರಿಯಾಯಿತು. “ನಮ್ಮಮ್ಮ ಗೋರಿಯಿಂದ ಎದ್ದು ಬರ್ತಾಳೆ. ಮದುವೆ ಹೆಣ್ಣನ್ನ ಮುಸುಕಲ್ಲೇ ಒಪ್ಕೊಳೋ ಹಾಗಾಯ್ತು. ಮೊಗ್ಗು ಬರ್ಬೇಕು, ಕೈಯಲ್ಲಿ ಅಮುಕಿ ನೋಡ್ಬೇಕು, ಒಂದು ಎಲೆ ಕಚ್ಚಿ ನೋಡ್ಬೇಕು, ಆಮೇಲೆ ಆ ಗಡ್ಡೆ ಬೀಜಕ್ಕೆ. ಇದು ನಾಲ್ಕು ತಲೆಮಾರಿನ ರೀತಿ. ಈ ಮಡಿಗೆ ಏನಾಗಿದೆ? ಇಷ್ಟು ಒಳ್ಳೇ ಮಡಿ ಊರಲ್ಲೇ ಇಲ್ಲ.”

“ಅದೂ ನಿಜ,” ಎಂದಳು ಹಿಲ್ಡ. ತನ್ನ ಪುಡಿಯ ಮೇಲೆ ಅವಳಿಗೂ ಹೆಮ್ಮೆಯಿತ್ತು. ಆದರೂ ಗಂಡನ ಕಡೆ ತಿರುಗಿದಳು. “ನೀನೇನಂತೀಯ ಯೋರಿಸ್?”

ಇಪ್ಪತ್ತು ಗಡ್ಡೆ. ಒಂದು ಬುಟ್ಟಿಯಷ್ಟೂ ಇಲ್ಲ. ಕಾರಣ ಹೇಳುವುದೂ ಬೇಕಿರಲಿಲ್ಲ, ಹೂಂ ಎಂದಿದ್ದರೆ ಸಾಕಿತ್ತು. ಆದರೆ ಅಪ್ಪನ ಮುಖ ಬಾಡುತ್ತದೆ, ವಾದ ಏಳುತ್ತದೆ, ವಾದದಲ್ಲಿ ಸನಿಕೆ ಹೊರಬೀಳುತ್ತದೆ.

“ಅಪ್ಪ ಹೇಳೋದೂ ಸರಿ ಇದೆ,” ಎಂದ ಯೋರಿಸ.

ಎಲ್ಲ ಗಡ್ಡೆಗಳೂ ಮಡಿಗಿಳಿದವು. ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತವು. ಮಣ್ಣು, ಹುಲ್ಲು, ತಗಡು. ಬಾಯ್ಲರ್ ಹೊತ್ತಿಕೊಂಡಿತು.

ಡಿಸೆಂಬರಿನ ಮೊದಲ ವಾರ, ಸಂತ ನಿಕೋಲಾಸನ ಹಬ್ಬದ ಮಾರನೆಯ ದಿನ ತಗಡು ಎತ್ತಿದರು. ಮೇಜಿನ ಮೇಲೆ ಕಿತ್ತಳೆ ಸಿಪ್ಪೆ, ಬಿಸ್ಕತ್ತಿನ ಚೂರು ಇನ್ನೂ ಹಾಗೇ ಇತ್ತು. ಮೊದಲ ತಗಡು ಎತ್ತುವ ಹೊತ್ತಿಗೇ ವಾಸನೆ ಬಂತು. ಹಿಲ್ಡ ಹುಲ್ಲು ಸರಿಸಿ ಮಣ್ಣಿಗೆ ಕೈ ಹಾಕಿದಳು. ಅವಳ ಬೆರಳಿಗೆ ಸಿಕ್ಕಿದ್ದು ಲೋಳೆ. ಮೊಗ್ಗಿನ ಎಲೆಗಳು ಕಂದು ಬಣ್ಣಕ್ಕೆ ತಿರುಗಿ, ಹತ್ತಿಯಂಥ ಬೂಷ್ಟು ಒಂದರಿಂದ ಒಂದಕ್ಕೆ ಹಬ್ಬಿ, ಸಾಲಿಗೆ ಸಾಲೇ ಒಂದು ಹಚ್ಚಡ ಹೊದ್ದಂತಿತ್ತು. ಕರಿಕಾಳು ಆಗಲೇ ಕಟ್ಟುತ್ತಿದ್ದವು. ಎರಡನೆಯ ತಗಡು. ಮೂರನೆಯದು. ಕಮೀಲ ಪ್ರತಿ ತಗಡಿಗೂ ಮುಂಚೆ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದ, ನಾಲ್ಕನೆಯದಕ್ಕೆ ಬಿಟ್ಟುಬಿಟ್ಟ.

ಕೊಟ್ಟಕೊನೆಯಲ್ಲಿ, ಬಾಯ್ಲರ್ ಕೋಣೆಯ ಗೋಡೆ ಮೂಲೆಯಲ್ಲಿ ಮಾತ್ರ ಗೇಣಗಲ ಜಾಗ ಬೇರೆ ಥರ ಇತ್ತು. ಅಲ್ಲಿ ನಲ್ಲಿಯ ಪೈಪು ನೆಲದಡಿ ಹಾದುಹೋಗುತ್ತದೆ, ಸನಿಕೆ ಇಳಿಸುವಂತಿಲ್ಲ. ಅಲ್ಲಿಯ ಗಡ್ಡೆಗಳು ಎದ್ದು ಬಂದಿದ್ದವು. ಪಕ್ಕದ ಸಾಲಿನ ಕೊಳೆ ತೆವಳಿ ಬಂದು ಅವಕ್ಕೂ ಹತ್ತಿತ್ತು, ಗೋಡೆಗೆ ಒರಗಿದ ಒಂದನ್ನು ಬಿಟ್ಟು. ಕಮೀಲ ಆ ಒಂದನ್ನು ಗಡ್ಡೆ ಸಮೇತ ಎತ್ತಿ, ತೋಳಿನಿಂದ ಒರೆಸಿದ. ಹಾಲಿನಂಥ ಬಿಳುಪು. ಯೋರಿಸ ಮೂಲೆ ನೋಡಿದ, ಪೈಪು ನೋಡಿದ. ಪುಡಿ ಕೆಲಸ ಮಾಡಿತ್ತು. ಅದು ಅವನೊಬ್ಬನಿಗೇ ಅರ್ಥವಾಯಿತು.

ಆ ಸಂಜೆ ಸಾಸೇಜು, ಕಿವುಚಿದ ಆಲೂಗಡ್ಡೆ. ಹಿಲ್ಡಳ ಕಣ್ಣು ಊದಿಕೊಂಡಿತ್ತು.

“ನಂದೇ ತಪ್ಪು ಮಾವ. ಪುಡಿ ಪುಡಿ ಅಂತ ಕುಣಿದೆ. ನಿಮ್ಮ ತಾಯಿ ಬೀಜ ನನ್ನ ಕೈಯಲ್ಲಿ ಹೋಯ್ತು.”

“ಹಾಗನ್ಬೇಡ ಮಗಳೇ,” ಎಂದ ಕಮೀಲ. ಆ ಮಾತನ್ನು ಅವನು ಅವಳಿಗೆ ಹಿಂದೆಂದೂ ಅಂದಿರಲಿಲ್ಲ. “ನಿನ್ನ ಕೆಲಸ ನೀನು ಮಾಡಿದೆ. ನಿನ್ನ ಪುಡೀನ ನಾನೂ ಎರಡು ಸನಿಕೆ ಆಳದ ತನಕ ಬೆರೆಸಿಕೊಟ್ಟೆ. ಇಬ್ಬರ ಕೈ ಬಿದ್ದೂ ಹೀಗಾಯ್ತು ಅಂದ್ರೆ ನಾವೇನು ಮಾಡೋಣ?”

ಹಿಲ್ಡ ಫೋರ್ಕು ಕೆಳಗಿಟ್ಟಳು. “ಎರಡು ಸನಿಕೆ?”

“ನೀನು ಊರಲ್ಲಿರ್ಲಿಲ್ವಲ್ಲ, ಆಗ. ನೋಡ್ದೆ ಅಂದ್ಯಲ್ಲ.”

“ಅಗೆದ್ರಾ?” ಅವಳ ದನಿ ತಗ್ಗಿತು. “ಅಡಿ ಮಣ್ಣು ಮೇಲೆ ಹಾಕಿದ್ರಾ?” ಆಮೇಲೆ ಮೆಲ್ಲಗೆ ಗಂಡನ ಕಡೆ ತಿರುಗಿದಳು. “ಯೋರಿಸ್, ಸ್ಟೇಷನ್ನಲ್ಲಿ ನಾನು ಏನು ಹೇಳಿದ್ದೆ ನಿಂಗೆ? ಸನಿಕೆ ಇಳಿಸಕೂಡದು ಅಂತ ಹೇಳಿರ್ಲಿಲ್ವಾ? ಅಪ್ಪನಿಗೆ ಹೇಳಿದ್ಯೋ ಇಲ್ವೋ?”

ಯೋರಿಸ ಸಾಸಿವೆಯ ಬಾಟಲಿ ನೋಡುತ್ತಿದ್ದ. ಕಮೀಲ ಮಗನ ಮುಖ ನೋಡಿದ. ಬಹಳ ಹೊತ್ತೇನೂ ನೋಡಲಿಲ್ಲ. ಹೆತ್ತವನಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ.

“ಹೇಳಿದ್ದ,” ಎಂದ ಕಮೀಲ.

“ಅಜ್ಜ,” ಎಂದಳು ನೇಲೆ. “ಅವತ್ತು ಅಪ್ಪ ಅಲ್ಲೇ ನಿಂತು—”

“ನೇಲೆ, ಸಾಸಿವೆ ಇತ್ತ ಕೊಡು.” ಕಮೀಲ ಕೈ ಚಾಚಿದ. “ಹೇಳಿದ್ದ. ನಾನೇ ಕಿವಿಗೆ ಹಾಕ್ಕೊಳ್ಲಿಲ್ಲ.”

“ಗೊತ್ತಿದ್ದೂ ಮಾಡಿದ್ರಿ,” ಎಂದಳು ಹಿಲ್ಡ.

“ಹೂಂ.”

“ಅತ್ತೆ ವಿಷಯ ಅಂದಿದ್ದಕ್ಕೆ ಸೇಡು ತೀರಿಸ್ಕೊಂಡ್ರಿ. ಆಮೇಲೆ ನನ್ನ ಸಿಗಡಿ ತಿಂದ್ರಿ. ಸಮಾಧೀಲಿ ನಾನು ತೋಳು ಹಿಡ್ಕೊಂಡ್ರೆ ಸುಮ್ನೆ ನಿಂತ್ರಿ.”

ಕಮೀಲ ಸಾಸಿವೆ ಹಚ್ಚಿಕೊಂಡು ಸಾಸೇಜು ತಿಂದ. ತಟ್ಟೆ ಖಾಲಿ ಮಾಡಿ, ತಾನೇ ತೊಳೆದಿಟ್ಟು, ಹಿಂದಿನ ಬಾಗಿಲಿಂದ ಹೊರಟ. ಸ್ವಲ್ಪ ಹೊತ್ತಿಗೆ ಯೋರಿಸನೂ ಬಾಯ್ಲರ್ ಕೋಣೆಗೆ ಹೋದ. ಅಪ್ಪ ಮರದ ಪೆಟ್ಟಿಗೆಯ ಮೇಲೆ ಕೂತು, ಉಳಿದ ಆ ಒಂದು ಗಡ್ಡೆಯನ್ನು ಮರಳಿನ ಬಕೆಟ್ಟಿನಲ್ಲಿ ನಿಲ್ಲಿಸುತ್ತಿದ್ದ.

“ಬಾಗಿಲು ಹಾಕು, ಚಳಿ.”

“ಯಾಕೆ ಹಾಗೆ ಹೇಳಿದ್ರಿ ಅಪ್ಪ?”

“ನನ್ನ ಜೊತೆ ಮಾತು ಬಿಟ್ಟು ಅವಳಿಗೆ ರೂಢಿ ಇದೆ. ನೀನು ಅವಳ ಜೊತೆ ಇನ್ನೂ ಬಹಳ ವರ್ಷ ಉಣ್ಣಬೇಕು.”

“ನಾಳೆ ನಾನೇ ಹೇಳ್ತೀನಿ.”

“ನೀನು?” ಕಮೀಲ ನಕ್ಕ. ಅದರಲ್ಲಿ ಕುಹಕವಿರಲಿಲ್ಲ, ಅದನ್ನೇ ಯೋರಿಸನಿಗೆ ತಡೆಯಲಾಗಲಿಲ್ಲ. “ಒಂದು ಕೇಳ್ತೀನಿ ಹೇಳು. ಹೇಳಿದ್ರೂ ಮುದುಕ ಕೇಳಲ್ಲ ಅಂತ ಸುಮ್ನಿದ್ಯಾ?”

ಯೋರಿಸ ತಿರುಗಿ ಬಾಗಿಲು ಹಾಕಿದ.

“ಕೇಳ್ತಿದ್ದೆ ಕಣೋ. ಬೈಕೊಂಡು ಬೈಕೊಂಡು ಕೇಳ್ತಿದ್ದೆ. ಎಷ್ಟಾದ್ರೂ ನಮ್ಮಮ್ಮನ ಬೀಜ ಅಲ್ವಾ.” ಮರಳನ್ನು ಅಂಗೈಯಿಂದ ತಟ್ಟಿ ಸಮ ಮಾಡಿದ. “ಹೋಗು, ಒಳಗೆ ಹೋಗು.”

ನಾಳೆ ಬಂತು, ಹೋಯಿತು. ಕೊಳೆತದ್ದನ್ನೆಲ್ಲ ಗಾಡಿಗೆ ತುಂಬಿ ಸಾಗಿಸಿದರು. ಹೋಟೆಲಿನವರಿಗೆ ಇಲ್ಲ ಎಂದು ಫೋನು ಮಾಡಿದ್ದು ಹಿಲ್ಡ. ಕಮೀಲ ತನ್ನ ಊಟವನ್ನು ಬಾಯ್ಲರ್ ಕೋಣೆಗೇ ಒಯ್ಯತೊಡಗಿದ. ಯಾರೂ ಬೇಡ ಎನ್ನಲಿಲ್ಲ. ಬೆಳಿಗ್ಗೆ ರೊಟ್ಟಿ ಡಬ್ಬಿ ಕಟ್ಟುವಾಗ ಹಿಲ್ಡ ಗಂಡನಿಗೆಂದು ಚಾಕೊಲೇಟಿನ ತುಂಡೊಂದನ್ನು ಒಳಗಿಡುತ್ತಿದ್ದಳು, ಮದುವೆಯಾದ ಹೊಸತರಲ್ಲಿ ಇಡುತ್ತಿದ್ದಂತೆ. ಪ್ರತಿದಿನ ಉಗ್ರಾಣದಲ್ಲಿ ಡಬ್ಬಿ ಬಿಚ್ಚಿದಾಗ ಯೋರಿಸ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದ. ಮನೆಗೆ ಬರುವಾಗ ಅವಳು ನಗುತ್ತಿದ್ದರೆ ನಗೆ ಕೆಡಿಸುವುದೇಕೆ ಎನಿಸುತ್ತಿತ್ತು, ಅಳುತ್ತಿದ್ದರೆ ಇನ್ನಷ್ಟು ಅಳಿಸುವುದೇಕೆ ಎನಿಸುತ್ತಿತ್ತು. ನೇಲೆ ಅಪ್ಪನ ಜೊತೆ ಮಾತಾಡುವುದನ್ನು ನಿಲ್ಲಿಸಿದ್ದಳು. ಕೇಳಿದ್ದಕ್ಕೆ ಹೂಂ, ಊಹೂಂ. ಪರೀಕ್ಷೆ ಹತ್ತಿರ ಬಂತಲ್ಲ, ಅದಕ್ಕೆ ಎಂದಳು ಹಿಲ್ಡ.

ಕ್ರಿಸ್ಮಸ್ಸಿನ ಹಿಂದಿನ ಭಾನುವಾರ ಕಮೀಲ ಬಕೆಟ್ಟು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ.

“ನೇಲೆ, ನಿಮ್ಮಮ್ಮನಿಗೆ ಹೇಳು, ಇದನ್ನ ಬೇಯಿಸಿಬಿಡು ಅಂತ. ಒಂಟಿ ಗಿಡ ಬೀಜ ಕಟ್ಟಲ್ಲ. ಇಟ್ಕೊಂಡು ಏನು ಮಾಡೋದು.”

ಹಿಲ್ಡ ಅದನ್ನು ಬುಡದಿಂದ ಮುರಿದು, ಬೆಣ್ಣೆಯಲ್ಲಿ ಬಾಡಿಸಿ, ಹಂದಿಮಾಂಸದ ತೆಳು ಹಾಳೆಯಲ್ಲಿ ಸುತ್ತಿ, ಮೇಲೆ ಚೀಸಿನ ಗೊಜ್ಜು ಸುರಿದು ಒಲೆಗಿಟ್ಟಳು. ಉಳಿದವರಿಗೆ ಲೀಕ್ ಸೊಪ್ಪು ಹಾಕಿದ ಆಲೂಗಡ್ಡೆ. ಅಂದು ನೇಲೆ ಹಟ ಹಿಡಿದು ಅಜ್ಜನನ್ನು ಮೇಜಿಗೆ ಎಳೆದು ತಂದಿದ್ದಳು. ಹಿಲ್ಡ ಬಿಸಿ ಬಟ್ಟಲನ್ನು ಬಟ್ಟೆಯಲ್ಲಿ ಹಿಡಿದು ಬಂದು, ಯಾರ ಮುಂದೆ ಎಂದು ಒಂದು ಕ್ಷಣವೂ ಯೋಚಿಸದೆ, ಯೋರಿಸನ ಮುಂದಿಟ್ಟಳು.

“ನೀನು ತಿನ್ನು,” ಎಂದಳು. “ಈ ಮನೇಲಿ ನನ್ನ ಮಾತಿಗೆ ಬೆಲೆ ಕೊಟ್ಟು ಅದನ್ನ ಮುಟ್ಟಿಸಿದೋನು ನೀನೊಬ್ನೇ.”

“ಹಂಚ್ಕೊಂಡು ತಿನ್ನೋಣ,” ಎಂದ ಯೋರಿಸ.

“ಒಂದನ್ನ ನಾಲ್ಕು ಜನ ಏನು ಹಂಚ್ಕೊಳೋದು? ತಿನ್ನು.”

“ತಿನ್ನಪ್ಪ,” ಎಂದಳು ನೇಲೆ. ಹದಿನೈದು ದಿನದಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು. “ಆರಿ ಹೋಗುತ್ತೆ.”

ಅವನು ಚಾಕುವಿನಿಂದ ತುಂಡು ಮಾಡಿ ಬಾಯಿಗಿಟ್ಟ. ಕಮೀಲ ಆಲೂಗಡ್ಡೆ ಬಿಟ್ಟು, ಮಗನ ದವಡೆಯನ್ನೇ ನೋಡುತ್ತಿದ್ದ.

“ಕಹಿ ಇದ್ಯಾ?” ಎಂದು ಕೇಳಿದ.

“ಇದೆ ಅಪ್ಪ.”

“ನುಂಗಿದ ಮೇಲೆ ಸಿಹಿ ಬರುತ್ತಾ? ಕೊನೇಲಿ, ಬುಡದಲ್ಲಿ?”

ಯೋರಿಸ ನುಂಗಿದ. ಮೂವರೂ ಕಾಯುತ್ತಿದ್ದರು. ಅವನ ನಾಲಿಗೆಗೆ ಏನೂ ಗೊತ್ತಾಗುತ್ತಿರಲಿಲ್ಲ.

“ಬರುತ್ತೆ,” ಎಂದ.